ಯೆಲ್ಲೊಸ್ಟೋನ್ ಸರೋವರದ ಮತ್ಸ್ಯನ್ಯಾಯ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದನ್ನು ನಮ್ಮ ಪ್ರಾಚೀನರು ಮತ್ಸ್ಯನ್ಯಾಯವೆಂದು ಕರೆದರು. ಅರಸನಿಲ್ಲದ ನಾಡಿನ ದುರವಸ್ಥೆಗೆ ಕೌಟಿಲ್ಯನೂ ಮಹಾಭಾರತಕಾರನೂ ಇದನ್ನೇ ಉಪಮಾನವಾಗಿ ಬಳಸಿದ್ದಾರೆ. ಬಹುಕಾಲ ಈ ಮಾತನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತ ಬಂದ ನಾನು, ಮೀನುಗಳ ಲೋಕದಲ್ಲಿ ಕಟ್ಟುಕಟ್ಟಳೆಯೇ ಇಲ್ಲವೆಂದು ನಂಬಿದ್ದೆನು. ಅಮೆರಿಕದ ಒಂದು ಸರೋವರದ ವೃತ್ತಾಂತವನ್ನು ಓದಿದ ಮೇಲೆ ಆ ನಂಬಿಕೆ ಸಡಿಲಿತು. ಮೀನನ್ನು ತಟ್ಟೆಯಲ್ಲಿ ಕಂಡರಿಯದ ಪಂಡಿತನು ಮೀನಿನ ವಿಷಯ ಬರೆಯುವುದು ವಾಚಕರಿಗೆ ವಿನೋದವೆನಿಸಬಹುದು, ಸೈರಿಸಬೇಕಾಗಿ ಪ್ರಾರ್ಥನೆ.

ವಯೋಮಿಂಗ್ ಸಂಸ್ಥಾನದಲ್ಲಿರುವ ಯೆಲ್ಲೊಸ್ಟೋನ್, ೧೮೭೨ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನ. ಅದರೊಳಗೆ ಸಮುದ್ರಮಟ್ಟದಿಂದ ೭,೭೦೦ ಅಡಿಗೂ ಮಿಗಿಲಾದ ಎತ್ತರದಲ್ಲಿ, ಸುಮಾರು ೩೫೦ ಚದರ ಕಿಲೋಮೀಟರ್ ವಿಸ್ತಾರದ ತಣ್ಣೀರಿನ ಸರೋವರವಿದೆ. ಗಾಳ ಹಾಕುವ ಹವ್ಯಾಸಿಗಳಿಗೆ ಅದು ಪ್ರಸಿದ್ಧ ತಾಣ. ಅಲ್ಲಿಯ ಮೂಲನಿವಾಸಿ ಕಟ್‌ಥ್ರೋಟ್ ಟ್ರೌಟ್ ಎಂಬ ಮೀನು. ದವಡೆಯ ಕೆಳಗೆ ಕೊರಳು ಕೊಯ್ದಂತೆ ಕೆಂಪು ಗೆರೆಯಿರುವುದರಿಂದ ಅದಕ್ಕೆ ಆ ಹೆಸರು.

ಈ ಮೀನಿನ ಜೀವನಕ್ರಮವನ್ನು ತುಸು ಗಮನಿಸಬೇಕು. ಹಿಮ ಕರಗುವ ಕಾಲಕ್ಕೆ ಅದು ಸರೋವರವನ್ನು ಬಿಟ್ಟು, ಸುತ್ತಲಿನ ಕಿರುಹೊಳೆಗಳಲ್ಲಿ ಪ್ರವಾಹಕ್ಕೆದುರಾಗಿ ಈಜಿ ಮೊಟ್ಟೆಯಿಡುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಗುಂಪುಗುಂಪಾಗಿ ಸಾಗುವ ಆ ಮೀನು ಕರಡಿಗೂ ನೀರುನಾಯಿಗೂ ಆಸ್ಪ್ರೇ ಎಂಬ ಮೀನುಹದ್ದಿಗೂ ಸುಲಭದ ಆಹಾರ. ಎಂದರೆ, ನೀರಿನ ಸಂಪತ್ತನ್ನು ನೆಲಕ್ಕೂ ಆಕಾಶಕ್ಕೂ ಒಯ್ದು ಹಂಚುವ ವಾಹಕ ಅದು. ಇಷ್ಟು ಜೀವಿಗಳು ಉಂಡರೂ ಅದರ ಸಂತತಿ ಅಳಿದಿರಲಿಲ್ಲ. ತಿನ್ನುವುದಕ್ಕೊಂದು ಋತು, ಒಂದು ಮಿತಿ ಇದ್ದಿತು.

೧೯೯೪ರ ಬೇಸಗೆಯಲ್ಲಿ ಒಬ್ಬರ ಗಾಳಕ್ಕೆ ಲೇಕ್ ಟ್ರೌಟ್ ಎಂಬ ಪರಕೀಯ ಮೀನು ಸಿಕ್ಕಿತು. ಅದು ಇನ್ನೂ ದೊಡ್ಡದು, ದೀರ್ಘಾಯು, ಮೀನುಭಕ್ಷಕ. ಒಂದು ಬಲಿತ ಲೇಕ್ ಟ್ರೌಟ್ ವರ್ಷಕ್ಕೆ ನಲವತ್ತರಷ್ಟು ಕಟ್‌ಥ್ರೋಟ್‌ಗಳನ್ನು ನುಂಗುವುದೆಂದು ತಜ್ಞರು ಅಂದಾಜಿಸಿದ್ದಾರೆ. ಇದಕ್ಕಿಂತ ಕೇಡಿನ ಸಂಗತಿಯೆಂದರೆ, ಅದು ಹೊಳೆಗಳಿಗೆ ಏರುವುದೇ ಇಲ್ಲ. ಆಳದಲ್ಲಿ ಬಾಳಿ, ಶರತ್ಕಾಲದಲ್ಲಿ ಸರೋವರದ ಕಲ್ಲುತಳದಲ್ಲಿಯೇ ಮೊಟ್ಟೆಯಿಡುತ್ತದೆ; ಕರಡಿಗೂ ಹದ್ದಿಗೂ ಎಟುಕದು. ತಾನು ಎಲ್ಲರ ಪಾಲನ್ನೂ ಉಂಡು, ತನ್ನನ್ನು ಯಾರಿಗೂ ಉಣ್ಣಗೊಡದ ಅತಿಥಿ!

ಕ್ಲಿಯರ್ ಕ್ರೀಕ್ ಎಂಬ ಒಂದೇ ಹೊಳೆಗೆ ೧೯೭೮ರಲ್ಲಿ ೭೦,೦೦೦ಕ್ಕೂ ಹೆಚ್ಚು ಕಟ್‌ಥ್ರೋಟ್‌ಗಳು ಏರಿ ಬಂದಿದ್ದವು. ೨೦೦೭ರಲ್ಲಿ ಎಣಿಕೆಗೆ ಸಿಕ್ಕವು ಸುಮಾರು ೫೦೦. ಬರಗಾಲವೂ ಮೀನಿನ ಒಂದು ರೋಗವೂ ಇದಕ್ಕೆ ಕೈಗೂಡಿಸಿದ್ದುಂಟು. ಆದರೆ ಮುಖ್ಯ ಹೊಡೆತ ಲೇಕ್ ಟ್ರೌಟಿನದೇ. ಹೊಳೆಯ ದಡಕ್ಕೆ ಕರಡಿಗಳು ಬರುವುದು ವಿರಳವಾಯಿತು. ಅವು ಎಲ್ಕ್ ಎಂಬ ದೊಡ್ಡ ಜಿಂಕೆಯ ಮರಿಗಳತ್ತ ಹೆಚ್ಚಾಗಿ ತಿರುಗಿದವು. ಮೀನುಹದ್ದಿನ ಗೂಡುಗಳು ಬರಿದಾದವು. ನೀರಿಗೆ ಬಿಟ್ಟ ಮೀನಿನಿಂದ ಕಾಡಿನ ಜಿಂಕೆಯ ಮರಿಗೆ ಮೃತ್ಯು!

ಈ ಮೀನು ಅಲ್ಲಿಗೆ ಬಂದ ಬಗೆ ಹೇಗೆ? ಮೀನಿನ ತಲೆಯೊಳಗೆ ಕಿವಿಗಲ್ಲೆಂಬ ಪುಟ್ಟ ಹರಳಿರುತ್ತದೆ. ಮೀನು ಬಾಳಿದ ನೀರಿನ ರಾಸಾಯನಿಕ ಗುರುತು ಅದರಲ್ಲಿ ಪದರಪದರವಾಗಿ ಉಳಿಯುತ್ತದೆ. ಅದನ್ನು ಪರೀಕ್ಷಿಸಿದವರು, ಈ ಮೀನುಗಳ ಮೂಲ ಸಮೀಪದ ಲೂಯಿಸ್ ಸರೋವರವೆಂದು ನಿರ್ಣಯಿಸಿದರು. ಯಾರೋ ಗುಟ್ಟಾಗಿ ಸಾಗಿಸಿ ಬಿಟ್ಟರೆಂಬುದು ಉದ್ಯಾನದವರ ಮತ. ಅಪರಾಧಿಯ ಸುಳಿವಿಗೆ ಬಹುಮಾನ ಘೋಷಿಸಿದರೂ ಯಾರೂ ಸಿಕ್ಕಲಿಲ್ಲ. ಇಲ್ಲಿ ಒಂದು ಮಾತನ್ನು ಮರೆಮಾಚುವುದು ತರವಲ್ಲ: ಮೀನೇ ಇಲ್ಲದಿದ್ದ ಲೂಯಿಸ್ ಸರೋವರಕ್ಕೆ ೧೮೯೦ರಲ್ಲಿ ಲೇಕ್ ಟ್ರೌಟನ್ನು ತಂದು ಬಿಟ್ಟದ್ದು ಸರಕಾರವೇ. ಕಳ್ಳನಿಗೆ ಕೈಗೆಟುಕುವಂತೆ ಸರಕನ್ನು ಇರಿಸಿದವರು ಕಾವಲುಗಾರರೇ ಎಂದಂತಾಯಿತು.

ಇದು ದೂರದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀಸೆಮೀನಿನ ಸಾಕಣೆಯನ್ನು ಭಾರತ ಸರಕಾರ ೨೦೦೦ದಲ್ಲಿ ನಿಷೇಧಿಸಿತು. ಅದು ಬೇಗ ಬೆಳೆಯುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಗಾಳಿಯನ್ನೇ ಉಸಿರಾಡಿ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಲಾಭದಾಸೆಯಿಂದ ನಮ್ಮ ರಾಜ್ಯದಲ್ಲಿಯೂ ಅದನ್ನು ಕದ್ದು ಸಾಕುವವರುಂಟು. ಮಳೆಗಾಲದಲ್ಲಿ ಹೊಂಡ ಉಕ್ಕಿದರೆ ಅದು ಸೇರುವುದು ಊರಕೆರೆಯನ್ನೇ.

ಯೆಲ್ಲೊಸ್ಟೋನಿನಲ್ಲಿ ಲೇಕ್ ಟ್ರೌಟನ್ನು ಹಿಡಿದವರು ಅದನ್ನು ಮರಳಿ ನೀರಿಗೆ ಬಿಡಕೂಡದು, ಕೊಲ್ಲಲೇಬೇಕು; ಕಟ್‌ಥ್ರೋಟನ್ನಾದರೋ ಜೀವಂತವಾಗಿ ಬಿಡಬೇಕು ಎಂಬುದು ಕಟ್ಟಳೆ. ಹಿಮ ಕರಗಿದೊಡನೆ ದೋಣಿಗಳು ಹೊರಟು, ಮೀನಿನ ಕಿವಿರು ಸಿಕ್ಕಿಕೊಳ್ಳುವಂಥ ಬಲೆಗಳನ್ನು ಮೈಲಿಗಟ್ಟಲೆ ಹಾಸುತ್ತವೆ. ಕೆಲವು ಲೇಕ್ ಟ್ರೌಟುಗಳ ಒಡಲಲ್ಲಿ ಸೂಚಕಯಂತ್ರವನ್ನಿಟ್ಟು ಬಿಟ್ಟು, ಅವು ಹೋಗಿ ಸೇರುವ ಕಡೆ ಬಲೆಯೊಡ್ಡುವುದೂ ಉಂಟು. ಸತ್ತ ಮೀನುಗಳನ್ನು ಮೊಟ್ಟೆಯಿಡುವ ಕಲ್ಲುದಿಣ್ಣೆಗಳ ಮೇಲೆ ಸುರಿದು, ಕೊಳೆಯುವಾಗ ಪ್ರಾಣವಾಯು ಕುಂದಿ ಮೊಟ್ಟೆಗಳು ಸಾಯುವಂತೆಯೂ ಮಾಡಿದ್ದಾರೆ. ಇದಕ್ಕೆಲ್ಲ ಸರಕಾರದ ಹಣದೊಡನೆ ದಾನಿಗಳ ನೆರವೂ ಸೇರಿದೆ. ೧೯೯೪ರಿಂದೀಚೆಗೆ ತೆಗೆದ ಮೀನು ೪೦ ಲಕ್ಷವನ್ನು ಮೀರಿದೆ. ೨೦೧೨ರ ತರುವಾಯ ಲೇಕ್ ಟ್ರೌಟುಗಳ ಸಂಖ್ಯೆ ಇಳಿಮುಖವಾಗಿ, ಕೆಲವು ಹೊಳೆಗಳಲ್ಲಿ ಕಟ್‌ಥ್ರೋಟ್‌ಗಳು ಪುನಃ ಕಾಣಿಸಿಕೊಂಡಿವೆ. ಆದರೆ ಬಲೆಯನ್ನು ಕೆಲವು ವರ್ಷ ನಿಲ್ಲಿಸಿದರೂ ಅವು ಮತ್ತೆ ತುಂಬಿಕೊಳ್ಳುವುದರಿಂದ, ಪ್ರತಿವರ್ಷವೂ ದೋಣಿಗಳು ಹೊರಡಲೇಬೇಕಾಗಿದೆ.