ನುಡಿಗೆ ನುಡಿಯೇ ಉತ್ತರ: ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಶರಣ ಪರಂಪರೆ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕಜೀವಿಗಳೂ ಹೆಣ್ಣುಮಕ್ಕಳೂ ತಮ್ಮದೇ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಅಲ್ಲಮಪ್ರಭುಗಳು ಬಸವಣ್ಣನವರನ್ನೇ ಪ್ರಶ್ನಿಸಿದ ಪ್ರಸಂಗಗಳನ್ನು ಶೂನ್ಯಸಂಪಾದನೆಗಳು ನಿರೂಪಿಸುತ್ತವೆ. ಅಲ್ಲಿ ಪ್ರಶ್ನೆಗೆ ದೊರೆತದ್ದು ಅನುಭಾವದ ಉತ್ತರ, ದಂಡನೆಯಲ್ಲ.

ಆ ವಚನಗಳು ನಮ್ಮ ಮನೆಗಳಿಗೆ ಬಂದದ್ದು ಮುದ್ರಣದ ದಾರಿಯಿಂದ. ಡಾ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆಗಳನ್ನು ಆರಂಭಿಸಿದರು. ಪತ್ರಿಕಾ ಸ್ವಾತಂತ್ರ್ಯದ ಋಣ ನಮ್ಮ ಸಮಾಜದ ಮೇಲಿದೆ.

ಸಂವಿಧಾನದ 19(1)(ಎ) ವಿಧಿಯಲ್ಲಿ 'ಪತ್ರಿಕೆ' ಎಂಬ ಪದವಿಲ್ಲ. ಆದರೆ ವಿಚಾರಗಳ ಪ್ರಸಾರವೂ ವಾಕ್ ಸ್ವಾತಂತ್ರ್ಯದ ಅಂಗವೆಂದು ಸುಪ್ರೀಂ ಕೋರ್ಟು 1950ರ ರೊಮೇಶ್ ಥಾಪರ್ ಪ್ರಕರಣದಲ್ಲಿ ಸಾರಿತು. ಈ ಹಕ್ಕು ಎಲ್ಲೆಯಿಲ್ಲದ್ದಲ್ಲ. ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ 19(2) ವಿಧಿಯು ಸಮಂಜಸ ನಿರ್ಬಂಧಗಳಿಗೆ ಅವಕಾಶ ನೀಡಿದೆ. ಚರ್ಚೆ, ಪ್ರತಿಪಾದನೆಗಳು ಬೇರೆ, ಪ್ರಚೋದನೆ ಬೇರೆ ಎಂದು 2015ರ ಮಾರ್ಚ್ 24ರಂದು ಅದೇ ನ್ಯಾಯಾಲಯ ವಿವೇಚಿಸಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದುಪಡಿಸಿತು.

ಅದೇ ವರ್ಷ ಆಗಸ್ಟ್ 30ರಂದು, ನಮ್ಮ ಯಂಕಂಚಿ ಇರುವ ಸಿಂದಗಿ ಸೀಮೆಯ ಮಗ ಡಾ. ಎಂ.ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು ಅವರು. 1989ರಲ್ಲಿ 'ಮಾರ್ಗ'ದ ಮೊದಲ ಸಂಪುಟದ ಬರಹಗಳಿಗೆ ಸಮಾಜದೊಳಗಿನಿಂದಲೇ ತೀವ್ರ ವಿರೋಧ ಬಂದು, ಕೆಲವು ಅಭಿಪ್ರಾಯಗಳನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೇ ಬಣ್ಣಿಸಿದ್ದರು. ಅವರ ಎಲ್ಲ ನಿಲುವುಗಳನ್ನು ಎಲ್ಲರೂ ಒಪ್ಪಬೇಕಿಲ್ಲ. ಒಪ್ಪದವನ ಬಾಯನ್ನು ಮುಚ್ಚಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಆದ್ದರಿಂದ ಸದ್ಭಕ್ತರು ಪಾಲಿಸಬೇಕಾದ ತತ್ತ್ವಗಳು ನಾಲ್ಕು:

1. ಬರಹವನ್ನು ಪೂರ್ತಿ ಓದಿದ ಮೇಲೆಯೇ ವಿರೋಧಿಸುವುದು.

2. ಸಂಶೋಧನೆಗೆ ಆಧಾರಗಳಿಂದ, ಲೇಖನಕ್ಕೆ ಲೇಖನದಿಂದ ಉತ್ತರಿಸುವುದು.

3. ಪತ್ರಿಕೆಯ ವರದಿಯಿಂದ ನೋವಾದರೆ ಸಂಪಾದಕರಿಗೆ, ಭಾರತೀಯ ಪತ್ರಿಕಾ ಮಂಡಳಿಗೆ ಅಥವಾ ನ್ಯಾಯಾಲಯಕ್ಕೆ ಮೊರೆಹೋಗುವುದು. ಬರೆದವರ ಮನೆಬಾಗಿಲಿಗೆ ಗುಂಪುಗೂಡಿ ಹೋಗದಿರುವುದು.

4. ಬೆದರಿಕೆಗೆ ಒಳಗಾದವರು ನಮ್ಮನ್ನು ಟೀಕಿಸಿದವರೇ ಆಗಿದ್ದರೂ ಅವರ ರಕ್ಷಣೆಗೆ ದನಿಗೂಡಿಸುವುದು. ರಕ್ಷಿಸುವ ಹೊಣೆ ಸರ್ಕಾರದ್ದು. ಆದರೆ ಸಮಾಜದ ಮೌನವು ಬೆದರಿಸುವವನಿಗೆ ಬಲ ತುಂಬುತ್ತದೆ.

ಮೆಚ್ಚಿದ ಮಾತನ್ನು ಕಾಯಲು ತತ್ತ್ವ ಬೇಕಿಲ್ಲ. ಮೆಚ್ಚದ ಮಾತು ಎದುರಾದಾಗಲೇ ನಮ್ಮ ಶರಣತ್ವಕ್ಕೆ ಒರೆಗಲ್ಲು.