ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು

ಕಳೆದ ತಿಂಗಳು ಶ್ರೀಮಠದ ಉಚಿತ ಪ್ರಸಾದ ನಿಲಯದ ವಿದ್ಯಾರ್ಥಿಗಳೊಡನೆ ಮಾತನಾಡುತ್ತಿದ್ದಾಗ, ಹದಿನೆಂಟು ವರ್ಷ ತುಂಬಿದವರಲ್ಲಿ ಎಷ್ಟು ಮಂದಿಯ ಹೆಸರು ಮತದಾರರ ಪಟ್ಟಿಯಲ್ಲಿದೆ ಎಂದು ವಿಚಾರಿಸಿದೆವು. ಮೇಲೆದ್ದ ಕೈಗಳು ಬೆರಳೆಣಿಕೆಯಷ್ಟು. “ಎಲೆಕ್ಷನ್ ಬಂದಾಗ ನೋಡಿದ್ರಾತು ಬಿಡ್ರಿ ಸರ” ಎಂದನೊಬ್ಬ ವಿದ್ಯಾರ್ಥಿ. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಆ ಪಟ್ಟಿಯಲ್ಲಿ ಜನಸಾಮಾನ್ಯರ ಹೆಸರು ಸೇರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಅಂದು ಅವರಿಗೆ ವಿವರಿಸಿದ ಸಂಗತಿಗಳನ್ನೇ ಸದ್ಭಕ್ತರ ಅವಗಾಹನೆಗಾಗಿ ಇಲ್ಲಿ ನಿರೂಪಿಸುತ್ತಿದ್ದೇವೆ.

ಪ್ರಜಾಪ್ರಭುತ್ವದಲ್ಲಿ ಮುಖ್ಯವಾಗಿ ಎರಡು ಬಗೆ. ಪ್ರಜೆಗಳೇ ಸಭೆ ಸೇರಿ ತೀರ್ಮಾನ ಕೈಗೊಳ್ಳುವುದು ನೇರ ಪ್ರಜಾಪ್ರಭುತ್ವ. ತಾವು ಆರಿಸಿ ಕಳುಹಿಸಿದವರ ಮೂಲಕ ಆಡಳಿತ ನಡೆಸಿಕೊಳ್ಳುವುದು ಪ್ರಾತಿನಿಧಿಕ ಪ್ರಜಾಪ್ರಭುತ್ವ. ಮೊದಲನೆಯದಕ್ಕೆ ಪ್ರಾಚೀನ ಗ್ರೀಸಿನ ಅಥೆನ್ಸ್ ಪ್ರಸಿದ್ಧ ನಿದರ್ಶನ. ಆದರೆ ಅಲ್ಲಿಯ ಸಭೆಯಲ್ಲಿ ಸ್ತ್ರೀಯರಿಗಾಗಲಿ, ಗುಲಾಮರಿಗಾಗಲಿ, ಹೊರಗಿನಿಂದ ಬಂದು ನೆಲೆಸಿದವರಿಗಾಗಲಿ ಸ್ಥಾನವಿರಲಿಲ್ಲ. ಎರಡನೆಯ ಬಗೆಗೆ ಹೆಸರಾದ ಬ್ರಿಟನ್ನಿನಲ್ಲಿ ಸ್ತ್ರೀಯರಿಗೆ ಪುರುಷರಿಗೆ ಸಮನಾದ ಮತಾಧಿಕಾರ ದೊರೆತದ್ದು 1928ರಲ್ಲಿ. ಸ್ವಿಟ್ಜರ್ಲೆಂಡಿನ ಸ್ತ್ರೀಯರು ರಾಷ್ಟ್ರಮಟ್ಟದ ಮತಾಧಿಕಾರಕ್ಕಾಗಿ 1971ರವರೆಗೆ ಕಾಯಬೇಕಾಯಿತು. ಆದ್ದರಿಂದ ಪ್ರಜಾಪ್ರಭುತ್ವ ಯಾವ ಬಗೆಯದು ಎಂಬ ಪ್ರಶ್ನೆಯ ಜೊತೆಗೆ, ಅದು ಯಾರನ್ನು ಪ್ರಜೆಯೆಂದು ಎಣಿಸುತ್ತದೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು.

ನಮ್ಮ ನಾಡಿನಲ್ಲಿಯೂ ಈ ಎಣಿಕೆ ಮೆಲ್ಲಮೆಲ್ಲನೆ ಹಿಗ್ಗಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಮೊದಲ ಸಭೆಯ ಸದಸ್ಯರು ಜನರಿಂದ ಆಯ್ಕೆಯಾದವರಲ್ಲ. ಅವರು ಅಹವಾಲು ಹೇಳಿಕೊಳ್ಳಬಹುದಾಗಿತ್ತೇ ಹೊರತು ಕಾನೂನು ಮಾಡುವಂತಿರಲಿಲ್ಲ. ಮುಂದೆ ಚುನಾವಣೆಯ ಪದ್ಧತಿ ಬಂದರೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳಿಗೆ ಅಂಟಿಕೊಂಡಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 1935ರ ಭಾರತ ಸರ್ಕಾರ ಕಾಯ್ದೆಯು ಮತದಾರರ ಸಂಖ್ಯೆಯನ್ನು ಬಹಳಷ್ಟು ಹೆಚ್ಚಿಸಿತಾದರೂ, ಹೊಲವಿಲ್ಲದ ಕೂಲಿಕಾರ, ಅಕ್ಷರವರಿಯದ ತಾಯಿ ಬಹುಮಟ್ಟಿಗೆ ಹೊರಗೇ ಉಳಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 326ನೇ ವಿಧಿಯು ಈ ಕಟ್ಟುಗಳನ್ನೆಲ್ಲ ಒಮ್ಮೆಲೇ ಬಿಚ್ಚಿತು. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ, ನಾಗರಿಕಳಿಗೂ ಮತದ ಹಕ್ಕು ದೊರೆಯಿತು. ಹಕ್ಕನ್ನು ಬರೆದದ್ದು ಸಂವಿಧಾನ ಸಭೆ. ಆ ಹಕ್ಕುಳ್ಳವರನ್ನು ಮನೆಮನೆಗೆ ಹೋಗಿ ಗುರುತಿಸಿ ಪಟ್ಟಿ ಮಾಡುವ ಹೊಣೆ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರ ಹೆಗಲ ಮೇಲೆ ಬಿತ್ತು. 1951-52ರ ಮೊದಲ ಮಹಾಚುನಾವಣೆಗೆ ಸುಮಾರು 17 ಕೋಟಿ ಮತದಾರರ ಪಟ್ಟಿ ಸಿದ್ಧವಾಯಿತು. ಅವರಲ್ಲಿ ಬಹುಪಾಲು ಜನರಿಗೆ ಓದಲು ಬಾರದ ಕಾರಣ, ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳನ್ನು ಇಡಲಾಯಿತು.

ಆ ಪಟ್ಟಿಯ ತಯಾರಿಯಲ್ಲಿ ಒಂದು ವಿಚಿತ್ರ ತೊಡಕು ಎದುರಾಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದೆಡೆ ಅನೇಕ ಸ್ತ್ರೀಯರು ಪರಪುರುಷರಾದ ಗಣತಿದಾರರಿಗೆ ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. “ಇಂಥವನ ಹೆಂಡತಿ”, “ಇಂಥವನ ತಾಯಿ” ಎಂದಷ್ಟೇ ದಾಖಲಾಯಿತು. ಮತದಾರಳಿಗೆ ಸ್ವಂತ ಹೆಸರಿರಲೇಬೇಕೆಂದು ಆಯೋಗ ಪಟ್ಟು ಹಿಡಿಯಿತು. ಕೊನೆಗೂ ಹೆಸರು ತಿಳಿಸದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಗಂಡನ ಹೆಸರನ್ನು ಒಡಪಿನಲ್ಲಿ ಹೇಳುವ ರೂಢಿ ನಮ್ಮಲ್ಲಿಯೂ ಉಂಟು. ಅಲ್ಲಿ ಸಂಕೋಚ ಗಂಡನ ಹೆಸರಿಗೆ; ಈ ತಾಯಂದಿರಿಗೆ ತಮ್ಮ ಹೆಸರನ್ನೇ ಹೇಳುವುದು ಕಷ್ಟವಾಗಿತ್ತು. ಆಯೋಗದ ನಿಲುವು ಕಠೋರವೆಂದು ತೋರಬಹುದು. ಆದರೆ ಯಾರದೋ ಹೆಂಡತಿಯಾಗಿ ಅಲ್ಲ, ತಾನೇ ತಾನಾಗಿ ಆಕೆ ನಾಗರಿಕಳು ಎಂಬುದನ್ನು ಅದು ಬಿಟ್ಟುಕೊಡಲಿಲ್ಲ. ಕಾನೂನು ಬಾಗಿಲು ತೆರೆದರೂ ಒಳಗೆ ಬರಲು ಹೆಸರು ಬೇಕು ಎಂಬ ಪಾಠವನ್ನು ಈ ಪ್ರಸಂಗದಿಂದ ನಾವು ಕಲಿಯಬೇಕು.

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ನಮ್ಮ ನಿಲಯದ ಹುಡುಗರಿಗೆ ಹಕ್ಕು ಬಂದದ್ದು ಹೀಗೆ. 1993ರಲ್ಲಿ ಜಾರಿಯಾದ 73ನೇ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದ ಮನ್ನಣೆ ನೀಡಿತು. ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಅಲ್ಲಿ ಪ್ರತಿನಿಧಿಯ ಮೂಲಕವಲ್ಲ, ಸ್ವತಃ ಎದ್ದು ನಿಂತು ಕೇಳಬಹುದು. ನೇರ ಪ್ರಜಾಪ್ರಭುತ್ವದ ಒಂದು ಎಳೆ ಹೀಗೆ ನಮ್ಮ ಊರುಗಳಲ್ಲಿಯೇ ಉಳಿದಿದೆ. ವೇದಿಕೆಯ ಮೇಲೆ ಅನುಭವ ಮಂಟಪವನ್ನು ಕೊಂಡಾಡುವ ನಾವು, ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೆ ಮಾತನಾಡಲು ಅವಕಾಶ ಸಿಕ್ಕಿತೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಈಗ ಕೆಲಸದ ಮಾತು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ತಿದ್ದುಪಡಿಗೆ ಹಾಗೂ ವಿಳಾಸ ಬದಲಾವಣೆಗೆ ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳನ್ನು ಅರ್ಹತಾ ದಿನಾಂಕಗಳೆಂದು ಗೊತ್ತುಪಡಿಸಿರುವುದರಿಂದ ಇಡೀ ವರ್ಷ ಕಾಯಬೇಕಾಗಿಲ್ಲ. ನಿಲಯದಲ್ಲಿರುವ ವಿದ್ಯಾರ್ಥಿಗಳು ನಿಲಯದ ವಿಳಾಸದಲ್ಲಾಗಲಿ, ಮನೆಯ ವಿಳಾಸದಲ್ಲಾಗಲಿ, ಒಂದೇ ಕಡೆ ಹೆಸರು ನೋಂದಾಯಿಸಬೇಕು. ಚುನಾವಣೆ ಘೋಷಣೆಯಾದ ಮೇಲೆ ಧಾವಿಸಿದರೆ ಕಾಲ ಮೀರಿರಬಹುದು.

ಯಾರಿಗೆ ಮತ ನೀಡಬೇಕೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ಅದನ್ನು ಮಠ ಹೇಳಬಾರದು, ಹೇಳುವುದೂ ಇಲ್ಲ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳುವುದು ಮಾತ್ರ ನಮ್ಮ ಕರ್ತವ್ಯ. ಸದ್ಭಕ್ತರು ಇಂದೇ ಮನೆಯವರೆಲ್ಲರ ಹೆಸರುಗಳನ್ನು ಪರಿಶೀಲಿಸಿಕೊಳ್ಳಬೇಕು. ಮನೆಯ ತಾಯಂದಿರ, ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳ ಹೆಸರುಗಳನ್ನು ಮೊದಲು ನೋಡಬೇಕೆಂದು ವಿನಂತಿಸುತ್ತೇವೆ.