ಪ್ಲೇಟ್‌ಲೆಟ್ ಎಣಿಸುವ ರಂಧ್ರ

ಮಳೆಗಾಲದ ಜೊತೆ ಡೆಂಗಿಯೂ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ನಿನ್ನೆ 90,000 ಇದ್ದದ್ದು ಇವತ್ತು 40,000 ಎಂದು ರಿಪೋರ್ಟ್ ಬಂದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಆ ಸಂಖ್ಯೆ ಹೇಗೆ ಹುಟ್ಟಿತು ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು.

ಬಹುತೇಕ ಯಂತ್ರಗಳಲ್ಲಿ ಎಣಿಕೆ ನಡೆಯುವುದು ಒಂದು ಸೂಕ್ಷ್ಮ ರಂಧ್ರದಲ್ಲಿ. ಅಮೆರಿಕದ ವಾಲೇಸ್ ಕೌಲ್ಟರ್ 1940ರ ದಶಕದ ಕೊನೆಗೆ ಶಿಕಾಗೋದಲ್ಲಿ ಕಂಡುಕೊಂಡ ಈ ಉಪಾಯಕ್ಕೆ 1953ರಲ್ಲಿ ಪೇಟೆಂಟ್ ದೊರೆಯಿತು. ಉಪ್ಪಿನ ದ್ರಾವಣದಲ್ಲಿ ತೆಳುಗೊಳಿಸಿದ ರಕ್ತವನ್ನು ರಂಧ್ರದ ಮೂಲಕ ಎಳೆಯುತ್ತಾರೆ. ಅದೇ ರಂಧ್ರದಲ್ಲಿ ವಿದ್ಯುತ್ತೂ ಹರಿಯುತ್ತಿರುತ್ತದೆ. ದ್ರಾವಣ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ರಕ್ತಕಣ ಬಿಡುವುದಿಲ್ಲ. ಕಣವೊಂದು ರಂಧ್ರ ದಾಟಿದಾಗಲೆಲ್ಲ ವಿದ್ಯುತ್ತಿಗೆ ಕ್ಷಣಮಾತ್ರ ಅಡ್ಡಿಯಾಗಿ ಒಂದು ಮಿಡಿತ ದಾಖಲಾಗುತ್ತದೆ. ಮಿಡಿತ ಎಷ್ಟೋ ಕಣ ಅಷ್ಟು. ಮಿಡಿತದ ಎತ್ತರದಿಂದ ಕಣದ ಗಾತ್ರ ತಿಳಿಯುತ್ತದೆ. ಸೆಕೆಂಡಿಗೆ ಸಾವಿರಾರು ಕಣಗಳು ಹೀಗೆ ಎಣಿಕೆಯಾಗುತ್ತವೆ. ಈ ಯಂತ್ರ ಬರುವ ಮುನ್ನ, ಚೌಕುಳಿ ಗೆರೆ ಕೊರೆದ ಗಾಜಿನ ಮೇಲೆ ರಕ್ತ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದೊಂದಾಗಿ ಎಣಿಸುತ್ತಿದ್ದರು. ಆಧುನಿಕ ಲ್ಯಾಬ್ ಕಟ್ಟಿದ ಯಂತ್ರಗಳಲ್ಲಿ ಇದಕ್ಕೆ ನಾನು ಮೊದಲ ಸಾಲಿನ ಸ್ಥಾನ ಕೊಡುತ್ತೇನೆ.

ಆದರೆ ಈ ರಂಧ್ರಕ್ಕೆ ಬಣ್ಣ, ಆಕಾರ ಕಾಣುವುದಿಲ್ಲ, ಗಾತ್ರವೊಂದೇ ಗುರುತು. ಕೆಂಪು ಕಣದ ಗಾತ್ರ ಸುಮಾರು 90 ಫೆಮ್ಟೊಲೀಟರ್, ಪ್ಲೇಟ್‌ಲೆಟ್‌ನದು 10ರ ಆಸುಪಾಸು. ನಡುವೆ ಒಂದು ಗೆರೆ ಎಳೆದು, ಕೆಳಗಿನದು ಪ್ಲೇಟ್‌ಲೆಟ್, ಮೇಲಿನದು ಕೆಂಪು ಕಣ ಎಂದು ಯಂತ್ರ ತೀರ್ಮಾನಿಸುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಪ್ಲೇಟ್‌ಲೆಟ್‌ಗಳು ದೊಡ್ಡವು. ಅವು ಗೆರೆ ದಾಟಿ ಕೆಂಪು ಕಣದ ಲೆಕ್ಕಕ್ಕೆ ಸೇರುತ್ತವೆ, ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಕಬ್ಬಿಣದ ಕೊರತೆ ತೀವ್ರವಾಗಿದ್ದರೆ ಕೆಂಪು ಕಣಗಳೇ ಸಣ್ಣದಾಗುತ್ತವೆ. ಅವುಗಳ ಚೂರುಪಾರು ಪ್ಲೇಟ್‌ಲೆಟ್ ಎಂದು ಎಣಿಕೆಯಾದರೆ ನಿಜವಾದ ಕುಸಿತವೇ ಮುಚ್ಚಿಹೋಗಬಹುದು. ಇದು ಇನ್ನೂ ಅಪಾಯಕಾರಿ.

ಯಂತ್ರ ಮುಟ್ಟುವ ಮೊದಲೇ ಆಗುವ ತಪ್ಪುಗಳೇ ಹೆಚ್ಚು. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ರಕ್ತ ತೆಗೆದ ಕೂಡಲೇ ಕೊಳವೆಯನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಅವಸರದಲ್ಲಿ ಅದು ತಪ್ಪಿದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಇಡೀ ಗುಂಪು ಒಂದು ಕಣವಾಗಿ ದಾಟುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎಯೇ ಈ ಗುಂಪಿಗೆ ಕಾರಣ. ಆಗ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಕೊಳವೆಯಲ್ಲಿ ರಕ್ತ ತೆಗೆದು ಮತ್ತೆ ಎಣಿಸಿ, ದ್ರಾವಣ ಬೆರೆತದ್ದಕ್ಕೆ 1.1ರಿಂದ ಗುಣಿಸುತ್ತಾರೆ. ಇವೆಲ್ಲ ಬಯಲಾಗುವುದು ಯಾರಾದರೂ ಒಂದು ಹನಿಯನ್ನು ಸ್ಲೈಡಿನ ಮೇಲೆ ಸವರಿ ಕಣ್ಣಾರೆ ನೋಡಿದಾಗ.

ಆ ಕಣ್ಣು ಸಿಗುವುದೇ ಈಗಿನ ಕಷ್ಟ. ಯಂತ್ರ ಅಗ್ಗವಾಗಿ ತಾಲ್ಲೂಕಿನ ಸಣ್ಣ ಲ್ಯಾಬ್‌ಗೂ ಬಂದಿದೆ; ಸ್ಲೈಡ್ ಓದಬಲ್ಲ ಪೆಥಾಲಜಿಸ್ಟ್ ಬಂದಿಲ್ಲ. ಲ್ಯಾಬಿನ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆಯೂ ನಮ್ಮಲ್ಲಿ ಲ್ಯಾಬ್‌ಗಳು ತಾವಾಗಿ ಬಯಸಿ ಪಡೆಯುವಂಥದ್ದು. ಹೊಸ ಯಂತ್ರಗಳು ಲೇಸರ್ ಬೆಳಕಿನಿಂದ, ಹೊಳೆಯುವ ಬಣ್ಣದಿಂದ ಪ್ಲೇಟ್‌ಲೆಟ್ ಗುರುತಿಸುತ್ತವೆ. ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ವಿಂಗಡಿಸುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ದೂರದಲ್ಲಿ ಕುಳಿತ ತಜ್ಞರಿಗೆ ಆ ಚಿತ್ರ ತಲುಪಿದರೆ ದೊಡ್ಡ ಉಪಕಾರ. ಆದರೂ ಸ್ಲೈಡ್ ಸರಿಯಾಗಿ ಸವರುವ, ಕೊಳವೆ ತಪ್ಪದೆ ತಿರುಗಿಸುವ ತಂತ್ರಜ್ಞರ ತರಬೇತಿಗೆ ಹಣ ಹಾಕದೆ ಯಂತ್ರಕ್ಕೇ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಡೆಂಗಿಯ ರಿಪೋರ್ಟ್ ಕೈಗೆ ಬಂದಾಗ ಹಿಮಟೊಕ್ರಿಟ್ ಎಂಬ ಸಾಲನ್ನೂ ನೋಡಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ಅದು ಹೇಳುತ್ತದೆ. ಅದು ಶೇ. 20ರಷ್ಟು ಏರಿದರೆ ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂದರ್ಥ. ವೈದ್ಯರು ಹೆಚ್ಚು ಹೆದರುವುದು ಅದಕ್ಕೆ. ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ಕುಸಿದಿದ್ದರೆ ಸ್ಲೈಡಿನಲ್ಲಿ ನೋಡಿ ಖಚಿತಪಡಿಸಿದ್ದೀರಾ ಎಂದು ಲ್ಯಾಬಿನವರನ್ನು ಕೇಳಿ. ಒಳ್ಳೆಯ ಲ್ಯಾಬ್ ಅದನ್ನು ರಿಪೋರ್ಟಿನ ಕೆಳಗೆ ಬರೆದೇ ಕಳಿಸಿರುತ್ತದೆ.